ಕೈಗೆ ಸಿಕ್ಕ ಕೋಳಿ: ಒಂದು ಕಾನೂನು, ನಾಲ್ವರು ಅಣ್ಣತಮ್ಮಂದಿರು

1935ರ ಮೇ 2 ಮತ್ತು 3ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೋಳಿ ಮಾರುವ ಕ್ರಮದ ಬಗ್ಗೆ ವಾದ ಕೇಳಿದರು. ಆ ನ್ಯಾಯಾಲಯಕ್ಕೆ ಆಗಿನ್ನೂ ಸ್ವಂತ ಕಟ್ಟಡವಿರಲಿಲ್ಲ. ಸೆನೆಟ್ ಒಂದು ಕಾಲಕ್ಕೆ ಬಳಸಿ ಬಿಟ್ಟಿದ್ದ ಹಳೆಯ ಸಭಾಂಗಣದಲ್ಲೇ ಕಲಾಪ ನಡೆಯುತ್ತಿತ್ತು. ಬ್ರೂಕ್ಲಿನ್‌ನ ವಕೀಲ ಜೋಸೆಫ್ ಹೆಲ್ಲರ್ ಹೊಸ ನಿಯಮವನ್ನು ವಿವರಿಸುತ್ತಿದ್ದರು: ಗಿರಾಕಿ ತನಗೆ ಬೇಕಾದ ಕೋಳಿಯನ್ನು ಆರಿಸುವಂತಿಲ್ಲ, ಪಂಜರದೊಳಗೆ ಕೈ ಹಾಕಬೇಕು, ಕೈಗೆ ಯಾವುದು ಸಿಕ್ಕಿತೋ ಅದನ್ನೇ ಒಯ್ಯಬೇಕು. ನ್ಯಾಯಮೂರ್ತಿ ಸದರ್ಲೆಂಡ್ ಕೇಳಿದರು, ಕೋಳಿಗಳೆಲ್ಲ ಪಂಜರದ ಒಂದೇ ತುದಿಗೆ ಹೋಗಿ ಗುಂಪುಗೂಡಿದರೆ ಏನು ಮಾಡುವುದು? ಸಭಾಂಗಣ ನಗೆಯಲ್ಲಿ ಮುಳುಗಿತು.

ಚರಿತ್ರೆಯ ಪುಸ್ತಕಗಳು ಈ ಮೊಕದ್ದಮೆಯನ್ನು ‘ಕಾಯಿಲೆ ಕೋಳಿಯ ಪ್ರಕರಣ’ ಎಂಬ ಅಡ್ಡಹೆಸರಿನಿಂದ ನೆನೆಯುತ್ತವೆ. ಅದರ ನಿಜವಾದ ಹೆಸರು ಷೆಕ್ಟರ್ ಪೌಲ್ಟ್ರಿ ಕಾರ್ಪೊರೇಷನ್ ವಿರುದ್ಧ ಅಮೆರಿಕ ಸಂಯುಕ್ತ ಸಂಸ್ಥಾನ. ನಾಲ್ವರು ಅಣ್ಣತಮ್ಮಂದಿರು ನಡೆಸುತ್ತಿದ್ದ ಕೋಳಿ ಕೊಯ್ಯುವ ಅಂಗಡಿಯೊಂದು ರೂಸ್‌ವೆಲ್ಟ್ ಸರ್ಕಾರದ ಅತಿ ಮಹತ್ವಾಕಾಂಕ್ಷೆಯ ಕಾನೂನನ್ನು ಉರುಳಿಸಿದ ಕಥೆ ಇದು. ಸಣ್ಣವನು ದೊಡ್ಡವನನ್ನು ಗೆದ್ದ ಕಥೆ ಎಂದು ಇದನ್ನು ಹೇಳುವವರಿದ್ದಾರೆ. ಪ್ರತಿಗಾಮಿ ನ್ಯಾಯಾಲಯ ಬಡವರ ಪರವಾದ ಕಾನೂನನ್ನು ಕೊಂದ ಕಥೆ ಎಂದು ಹೇಳುವವರೂ ಇದ್ದಾರೆ. ಎರಡನ್ನೂ ಓದಿದ ಮೇಲೆ ನನಗೆ ಉಳಿದುಕೊಂಡ ಪ್ರಶ್ನೆ ಬೇರೆ. ಒಂದು ದೇಶ ತನ್ನ ಕೂಲಿಕಾರರಿಗೆ ನ್ಯಾಯ ಕೊಡಲು ಹೊರಟಾಗ ಅದರ ಖರ್ಚನ್ನು ಯಾರ ಗಲ್ಲಾಪೆಟ್ಟಿಗೆಯಿಂದ ತೆಗೆಯುತ್ತದೆ? ಆ ಪೆಟ್ಟಿಗೆಯಲ್ಲಿ ಹಣ ಇಲ್ಲದಿದ್ದರೆ ಏನಾಗುತ್ತದೆ?

ರೂಸ್‌ವೆಲ್ಟ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡ 1933ರ ಮಾರ್ಚ್ 4ರ ಹೊತ್ತಿಗೆ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ಕನೇ ಒಂದು ಪಾಲಿಗೆ ಕೆಲಸವಿರಲಿಲ್ಲ. ಆಗಿನ ಕಾಯಿಲೆಯ ಲಕ್ಷಣ ಬೆಲೆ ಏರಿಕೆಯಲ್ಲ, ಬೆಲೆ ಕುಸಿತ. ಇದನ್ನು ನಾವು ಈಗ ಊಹಿಸಿಕೊಳ್ಳುವುದು ಸ್ವಲ್ಪ ಕಷ್ಟ. ಒಬ್ಬ ವ್ಯಾಪಾರಿ ಗಿರಾಕಿಯನ್ನು ಸೆಳೆಯಲು ಬೆಲೆ ಇಳಿಸುತ್ತಾನೆ, ನಷ್ಟ ತುಂಬಿಕೊಳ್ಳಲು ಕೂಲಿ ಇಳಿಸುತ್ತಾನೆ. ಪಕ್ಕದವನೂ ಹಾಗೆಯೇ ಮಾಡುತ್ತಾನೆ. ಕೂಲಿ ಇಳಿದ ಮೇಲೆ ಕೊಳ್ಳುವವರು ಯಾರು? ಬೆಲೆ ಇನ್ನಷ್ಟು ಇಳಿಯುತ್ತದೆ. ಈ ಸುಳಿಯನ್ನು ಒಬ್ಬೊಬ್ಬರಾಗಿ ಬಿಟ್ಟು ಬರಲು ಸಾಧ್ಯವಿಲ್ಲ, ಎಲ್ಲರೂ ಒಟ್ಟಿಗೆ ಒಂದೇ ದಿನ ಬಿಡಬೇಕು ಎಂಬುದು ರೂಸ್‌ವೆಲ್ಟ್‌ರ ಸಲಹೆಗಾರರ ವಾದ. ಅದರಿಂದ ಹುಟ್ಟಿದ್ದು 1933ರ ಜೂನ್ 16ರಂದು ಸಹಿಯಾದ ರಾಷ್ಟ್ರೀಯ ಕೈಗಾರಿಕಾ ಪುನಶ್ಚೇತನ ಕಾಯ್ದೆ. ಅದರ ಆಯಸ್ಸು ಎರಡೇ ವರ್ಷ.

ಕಾಯ್ದೆ ತಾನೇ ಏನನ್ನೂ ವಿಧಿಸಲಿಲ್ಲ ಎನ್ನಬಹುದು. ಪ್ರತಿಯೊಂದು ಉದ್ಯಮದ ವರ್ತಕ ಸಂಘಗಳೂ ಕೂತು ತಮ್ಮ ತಮ್ಮ ‘ನ್ಯಾಯಸಮ್ಮತ ಸ್ಪರ್ಧೆಯ ಸಂಹಿತೆ’ ಬರೆದು ತರಬೇಕು, ಅಧ್ಯಕ್ಷರು ಒಪ್ಪಿ ಸಹಿ ಹಾಕಿದರೆ ಅದೇ ಕಾನೂನು, ಮುರಿದರೆ ಅಪರಾಧ. ಮಾಲೀಕರಿಗೆ ಸಿಕ್ಕಿದ್ದು, ಏಕಸ್ವಾಮ್ಯ ತಡೆ ಕಾನೂನಿನ ಭಯವಿಲ್ಲದೆ ಒಟ್ಟಿಗೆ ಕೂತು ಬೆಲೆ ಮಾತಾಡುವ ಅವಕಾಶ. ಕಾರ್ಮಿಕರಿಗೆ ಸಿಕ್ಕಿದ್ದು ಕನಿಷ್ಠ ವೇತನ, ಕೆಲಸದ ಗಂಟೆಗಳ ಮಿತಿ, ಬಾಲಕಾರ್ಮಿಕ ನಿಷೇಧ, ಮತ್ತು 7(ಎ) ಎಂಬ ಕಲಮಿನಲ್ಲಿ ಸಂಘ ಕಟ್ಟಿ ಚೌಕಾಸಿ ಮಾಡುವ ಹಕ್ಕು. ಕೊಳ್ಳುವವರಿಗೆ ಸಿಕ್ಕಿದ್ದು ಒಂದು ಚಿತ್ರ: ಒಂದು ಉಗುರಿನಲ್ಲಿ ಹಲ್ಲುಚಕ್ರ, ಇನ್ನೊಂದರಲ್ಲಿ ಮಿಂಚು ಹಿಡಿದ ನೀಲಿ ಹದ್ದು. ಅದರ ಕೆಳಗೆ, ನಾವು ನಮ್ಮ ಪಾಲಿನ ಕೆಲಸ ಮಾಡುತ್ತೇವೆ ಎಂಬ ಘೋಷಣೆ. ಹದ್ದು ಅಂಟಿಸಿದ ಅಂಗಡಿಯಲ್ಲೇ ಕೊಳ್ಳಿ ಎಂದು ಸರ್ಕಾರ ಜನರನ್ನು ಕೇಳಿಕೊಂಡಿತು.

ಇದನ್ನೆಲ್ಲ ನಡೆಸಲು ನೇಮಕವಾದವರು ಜನರಲ್ ಹ್ಯೂ ಜಾನ್ಸನ್. ಅಶ್ವದಳದಲ್ಲಿದ್ದು ಬಂದ ಮನುಷ್ಯ, ಬಾಯಿ ಜೋರು, ಅವಸರ ಹೆಚ್ಚು. 1933ರ ಸೆಪ್ಟೆಂಬರ್ 13ರಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ನಡೆದ ನೀಲಿ ಹದ್ದಿನ ಮೆರವಣಿಗೆಯಲ್ಲಿ ಸುಮಾರು ಎರಡೂವರೆ ಲಕ್ಷ ಜನ ಹೆಜ್ಜೆ ಹಾಕಿದರು. ಯುದ್ಧವಿಲ್ಲದ ಕಾಲದಲ್ಲಿ ಯುದ್ಧದ ಉತ್ಸಾಹ. ಎರಡು ವರ್ಷ ತುಂಬುವಷ್ಟರಲ್ಲಿ 500ಕ್ಕೂ ಹೆಚ್ಚು ಸಂಹಿತೆಗಳು ಜಾರಿಗೆ ಬಂದಿದ್ದವು. ಉಕ್ಕಿಗೊಂದು, ಹತ್ತಿಬಟ್ಟೆಗೊಂದು, ಕಲ್ಲಿದ್ದಲಿಗೊಂದು. ಹಾಗೆಯೇ ನ್ಯೂಯಾರ್ಕ್ ನಗರ ಮತ್ತು ಸುತ್ತಮುತ್ತಲಿನ ಜೀವಂತ ಕೋಳಿ ವ್ಯಾಪಾರಕ್ಕೂ ಒಂದು.

ಸಂಹಿತೆ ಬರೆಯಲು ಕೂತವರು ಯಾರು ಎಂದು ಕೇಳಿದರೆ ಮುಂದಿನ ಕಥೆ ಅರ್ಧ ತಿಳಿದಂತೆಯೇ. ವಾಷಿಂಗ್ಟನ್ನಿಗೆ ರೈಲಿನಲ್ಲಿ ಹೋಗಿ ವಾರಗಟ್ಟಲೆ ಹೋಟೆಲಿನಲ್ಲಿದ್ದು ವಕೀಲರನ್ನಿಟ್ಟು ಕರಡು ತಿದ್ದಿಸುವ ಶಕ್ತಿ ದೊಡ್ಡ ಕಂಪನಿಗಳಿಗಿತ್ತು. ಇಬ್ಬರು ಆಳುಗಳನ್ನಿಟ್ಟುಕೊಂಡ ಅಂಗಡಿಯವನಿಗಿರಲಿಲ್ಲ. ದೂರುಗಳು ಎಷ್ಟು ಬಂದವೆಂದರೆ 1934ರ ಮಾರ್ಚಿನಲ್ಲಿ ಸರ್ಕಾರ ಪರಿಶೀಲನಾ ಮಂಡಳಿಯೊಂದನ್ನು ನೇಮಿಸಬೇಕಾಯಿತು. ಅದರ ಅಧ್ಯಕ್ಷರು ಕ್ಲಾರೆನ್ಸ್ ಡಾರೋ, ಒಂಬತ್ತು ವರ್ಷಗಳ ಹಿಂದೆ ಟೆನೆಸಿಯಲ್ಲಿ ವಿಕಾಸವಾದ ಪಾಠ ಮಾಡಿದ ಮೇಷ್ಟ್ರ ಪರವಾಗಿ ವಾದಿಸಿ ಜಗತ್ತಿಗೆಲ್ಲ ಪರಿಚಿತರಾಗಿದ್ದ ವಕೀಲರು. ಆಗ ಅವರಿಗೆ 76 ವರ್ಷ. ಸಂಹಿತೆಗಳು ದೊಡ್ಡವರ ಕೈಯಲ್ಲಿವೆ, ಸಣ್ಣವರು ಅವುಗಳ ಅಡಿಯಲ್ಲಿ ನಲುಗುತ್ತಿದ್ದಾರೆ ಎಂದು ಅವರ ಮಂಡಳಿ ವರದಿ ಕೊಟ್ಟಿತು. ಜಾನ್ಸನ್ ಕೆಂಡವಾದರು.

ಸಣ್ಣವನಿಗೆ ಪೆಟ್ಟು ಬಿದ್ದದ್ದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದೊಡ್ಡ ಅಂಗಡಿಗೆ ಹೆಸರಿದೆ, ಜಾಹೀರಾತಿದೆ, ಒಳ್ಳೆಯ ಜಾಗವಿದೆ. ಬೀದಿಯೊಳಗಿನ ಸಣ್ಣ ಅಂಗಡಿಗೆ ಇರುವುದು ಒಂದೇ ಆಯುಧ, ನಾಲ್ಕು ಕಾಸು ಕಡಿಮೆ ಬೆಲೆ. ಸಂಹಿತೆ ಎಲ್ಲರಿಗೂ ಒಂದೇ ಬೆಲೆ ಎಂದಾಗ ಆ ಒಂದು ಆಯುಧವೂ ಹೋಯಿತು. ನ್ಯೂಜೆರ್ಸಿಯ ಜರ್ಸಿ ಸಿಟಿಯಲ್ಲಿ ಜೇಕಬ್ ಮೇಗಡ್ ಎಂಬ ದರ್ಜಿಯಿದ್ದ. ಒಂದು ಸೂಟಿಗೆ ಇಸ್ತ್ರಿ ಮಾಡಲು ಸಂಹಿತೆ ಗೊತ್ತುಪಡಿಸಿದ ದರ 40 ಸೆಂಟ್. ಈತ 35 ಸೆಂಟಿಗೆ ಮಾಡಿಕೊಟ್ಟ. ಒಕ್ಕೂಟ ಸರ್ಕಾರದ ಕಾಯ್ದೆಗೆ ಜೊತೆಯಾಗಿ ರಾಜ್ಯವೂ ತನ್ನ ಕಾನೂನು ಮಾಡಿಕೊಂಡಿತ್ತು. ಅದರಡಿ 1934ರ ಏಪ್ರಿಲಿನಲ್ಲಿ ಅವನಿಗೆ 100 ಡಾಲರ್ ದಂಡ, 30 ದಿನ ಜೈಲು. ಪತ್ರಿಕೆಗಳಲ್ಲಿ ಗದ್ದಲವಾಗಿ ಮೂರು ದಿನಕ್ಕೇ ಬಿಟ್ಟರು, ನಿಜ. ಆದರೆ ಐದು ಸೆಂಟ್ ಕಡಿಮೆ ತೆಗೆದುಕೊಂಡದ್ದಕ್ಕೆ ಮನುಷ್ಯನೊಬ್ಬ ಕಂಬಿ ಎಣಿಸಿದ ಎಂಬ ಸುದ್ದಿ ನೀಲಿ ಹದ್ದಿನ ರೆಕ್ಕೆಯನ್ನು ಯಾವ ವಕೀಲರ ವಾದಕ್ಕಿಂತಲೂ ಹೆಚ್ಚು ಕತ್ತರಿಸಿತು.

ಪೆನ್ಸಿಲ್ವೇನಿಯಾದ ಯಾರ್ಕ್ ಊರಿನ ಫ್ರೆಡ್ ಪರ್ಕಿನ್ಸ್‌ನದು ಇನ್ನೂ ಕಗ್ಗಂಟಾದ ವಿಷಯ. ಬ್ಯಾಟರಿ ಮಾಡುವ ಸಣ್ಣ ಘಟಕ ಅವನದು. ಸಂಹಿತೆ ಹೇಳಿದ 40 ಸೆಂಟ್ ಗಂಟೆಗೂಲಿ ಕೊಡಲು ತನ್ನಿಂದಾಗದು, ಕೊಟ್ಟರೆ ಬಾಗಿಲು ಹಾಕಬೇಕಾಗುತ್ತದೆ ಎಂದ. ಕೆಲಸಗಾರರೂ ಅವನ ಜೊತೆಗಿದ್ದರು. ಜಾಮೀನು ಹಣ ಹೊಂದಿಸಲಾಗದೆ ಅವನು 18 ದಿನ ಜೈಲಿನಲ್ಲಿದ್ದ. ಮೇಗಡ್‌ನ ಬಗ್ಗೆ ಯಾರಿಗೂ ಕನಿಕರ ಬರುತ್ತದೆ. ಅವನು ತನ್ನ ಬೆವರಿಗೆ ತಾನೇ ಕಡಿಮೆ ಬೆಲೆ ಕಟ್ಟಿದ. ಪರ್ಕಿನ್ಸ್ ಕಡಿಮೆ ಬೆಲೆ ಕಟ್ಟಿದ್ದು ಬೇರೆಯವರ ಬೆವರಿಗೆ. ಅವರು ಒಪ್ಪಿದ್ದರು ಎನ್ನುವುದು ಉತ್ತರವಾಗುತ್ತದೆಯೇ? ನಾಲ್ವರಲ್ಲಿ ಒಬ್ಬನಿಗೆ ಕೆಲಸವಿಲ್ಲದ ಊರಿನಲ್ಲಿ ಒಪ್ಪದೆ ಇರುವ ಸ್ವಾತಂತ್ರ್ಯ ಎಷ್ಟು ಜನಕ್ಕಿತ್ತು? ಅಂದಿನ ಪತ್ರಿಕೆಗಳು ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟವು. ಇಂದಿನ ಬರಹಗಾರರೂ ಹಾಗೆಯೇ ಇಡುತ್ತಾರೆ. ನನಗದು ಸರಿ ಕಾಣುವುದಿಲ್ಲ.

‘ಸಣ್ಣ ವ್ಯಾಪಾರಿ’ ಎಂಬ ಒಂದೇ ಜಾತಿಯೂ ಇರಲಿಲ್ಲ. ಸರಪಳಿ ಅಂಗಡಿಗಳು ಅಸಲಿಗಿಂತ ಕಡಿಮೆಗೆ ಮಾರಿ ತಮ್ಮನ್ನು ಮುಗಿಸುತ್ತಿವೆ ಎಂದು ಗೋಳಾಡುತ್ತಿದ್ದ ಔಷಧ ಅಂಗಡಿಯವರು, ಕಿರಾಣಿಯವರು ಸಂಹಿತೆಯನ್ನು ಕೈಯೆತ್ತಿ ಸ್ವಾಗತಿಸಿದ್ದರು. ಒಬ್ಬ ಸಣ್ಣವನಿಗೆ ಸಂಕೋಲೆಯಾದ ಕನಿಷ್ಠ ಬೆಲೆ ಇನ್ನೊಬ್ಬ ಸಣ್ಣವನಿಗೆ ಊರುಗೋಲು. ಇನ್ನು ದಕ್ಷಿಣದ ರಾಜ್ಯಗಳ ಕಪ್ಪು ಕೆಲಸಗಾರರ ಪಾಡು ಬೇರೆಯೇ. ಅವರಲ್ಲಿ ಹೆಚ್ಚಿನವರು ಹೊಲಗಳಲ್ಲಿ, ಮನೆಗೆಲಸದಲ್ಲಿ ಇದ್ದವರು. ಆ ಕೆಲಸಗಳಿಗೆ ಸಂಹಿತೆಯೇ ಇರಲಿಲ್ಲ. ಸಂಹಿತೆ ಇದ್ದ ಕಡೆ, ಇಷ್ಟು ಕೂಲಿ ಕೊಡಲೇಬೇಕಾದರೆ ಬಿಳಿಯನಿಗೇ ಕೊಡುತ್ತೇನೆ ಎಂದು ಮಾಲೀಕರು ಕಪ್ಪು ಕೆಲಸಗಾರರನ್ನು ತೆಗೆದುಹಾಕಿದ ಉದಾಹರಣೆಗಳು ಹಲವು. ಕಪ್ಪು ಜನರ ಪತ್ರಿಕೆಗಳು ಈ ಕಾಯ್ದೆಯ ಮೊದಲಕ್ಷರಗಳನ್ನು ಹಿಡಿದು, ಇದು ಕಪ್ಪು ಜನರನ್ನು ಹೊರಹಾಕುವ ಕಾಯ್ದೆ ಎಂದು ಕಟುವಾಗಿ ವಿಸ್ತರಿಸಿ ಬರೆದವು.

ಈಗ ಬ್ರೂಕ್ಲಿನ್‌ಗೆ ಬರೋಣ.

ಅಂದು ಅಮೆರಿಕದಲ್ಲಿ ಜೀವಂತ ಕೋಳಿಯ ಅತಿ ದೊಡ್ಡ ಮಾರುಕಟ್ಟೆ ನ್ಯೂಯಾರ್ಕ್. ಅಲ್ಲಿ ಮಾರಾಟವಾಗುತ್ತಿದ್ದ ಕೋಳಿಯಲ್ಲಿ ನೂರಕ್ಕೆ 96 ಪಾಲು ಬೇರೆ ರಾಜ್ಯಗಳಿಂದ ಬರುತ್ತಿತ್ತು. ಕೊಯ್ದ ಕೋಳಿಯನ್ನು ಮಂಜುಗಡ್ಡೆಯಲ್ಲಿಟ್ಟು ಕಳಿಸುವ ಬದಲು ಜೀವಂತವಾಗಿಯೇ ತರಿಸಲು ಮುಖ್ಯ ಕಾರಣ ನಗರದ ಯಹೂದಿ ಜನಸಂಖ್ಯೆ. ಅವರ ಧರ್ಮನಿಯಮದಂತೆ ಕೋಳಿಯನ್ನು ಕೊಯ್ಯಬೇಕಾದವನು ಅದಕ್ಕೆಂದೇ ಕಲಿತು ಅಪ್ಪಣೆ ಪಡೆದ ‘ಶೋಹೆಟ್’. ಕೊಯ್ದ ಮೇಲೆ ಹಕ್ಕಿಯೊಳಗೆ ರೋಗವಿಲ್ಲವೆಂದು ನೋಡಬೇಕಾದದ್ದೂ ಕ್ರಮ. ನಮ್ಮಲ್ಲಿ ಹಲಾಲ್ ಅಂಗಡಿಗಳನ್ನು ಕಂಡವರಿಗೆ ಈ ಏರ್ಪಾಟು ಹೊಸದೆನಿಸದು.

ಜೋಸೆಫ್, ಅಲೆಕ್ಸ್, ಮಾರ್ಟಿನ್, ಆರನ್. ಯಹೂದಿ ಕುಟುಂಬದ ಈ ನಾಲ್ವರು ಷೆಕ್ಟರ್ ಸಹೋದರರು ಬ್ರೂಕ್ಲಿನ್‌ನಲ್ಲಿ ಎರಡು ಕೋಳಿ ಕಸಾಯಿಖಾನೆಗಳನ್ನು ನಡೆಸುತ್ತಿದ್ದರು. ಮ್ಯಾನ್‌ಹಟನ್‌ನ ವೆಸ್ಟ್ ವಾಷಿಂಗ್ಟನ್ ಮಾರುಕಟ್ಟೆಯಲ್ಲಿ ಅಥವಾ ರೈಲು ನಿಲ್ದಾಣಗಳಲ್ಲಿ ದಲ್ಲಾಳಿಗಳಿಂದ ಕೋಳಿ ಕೊಂಡು, ಲಾರಿಯಲ್ಲಿ ತಂದು, ಸಾಮಾನ್ಯವಾಗಿ 24 ಗಂಟೆಯೊಳಗೆ ಕೊಯ್ಸಿ ಚಿಲ್ಲರೆ ಅಂಗಡಿಯವರಿಗೂ ಕಟುಕರಿಗೂ ಮಾರುವುದು ಅವರ ಕೆಲಸ. ಆ ವ್ಯಾಪಾರಕ್ಕೆ ಒಳ್ಳೆಯ ಹೆಸರೇನೂ ಇರಲಿಲ್ಲ. ನ್ಯೂಯಾರ್ಕಿನ ಕೋಳಿ ಪೇಟೆ ಗೂಂಡಾಗಳ ಹಿಡಿತದಲ್ಲಿ ನರಳುತ್ತಿದ್ದ ಜಾಗ. ವಸೂಲಿ, ಬೆದರಿಕೆ, ಮಾತು ಕೇಳದ ವ್ಯಾಪಾರಿಗೆ ಹೊಡೆತ. 1934ರಲ್ಲೇ ಇಂಥದೇ ಇನ್ನೊಂದು ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ಸರ್ಕಾರ ಗೆದ್ದಿತ್ತು. ಹಾಗಾಗಿ ಇಲ್ಲಿ ಸಂಹಿತೆ ಬೇಕು ಎಂದವರೆಲ್ಲ ದುರುದ್ದೇಶದವರೇನಲ್ಲ.

1934ರ ಏಪ್ರಿಲ್ 13ರಂದು ಜೀವಂತ ಕೋಳಿ ಸಂಹಿತೆಗೆ ಅಧ್ಯಕ್ಷರ ಸಹಿ ಬಿತ್ತು. ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ಗಂಟೆಗೆ 50 ಸೆಂಟಿಗಿಂತ ಕಡಿಮೆ ಕೂಲಿಯಿಲ್ಲ. 16 ವರ್ಷದೊಳಗಿನವರನ್ನು ಇಟ್ಟುಕೊಳ್ಳುವಂತಿಲ್ಲ. ವಾರದ ಮಾರಾಟ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಕನಿಷ್ಠ ಇಷ್ಟು ಜನ ಕೆಲಸಗಾರರಿರಬೇಕು. ಬೆಲೆ, ಮಾರಾಟಗಳ ವರದಿ ಕೊಡುತ್ತಿರಬೇಕು. ಮತ್ತು ‘ನೇರ ಕೊಯ್ಲು’: ಕೊಳ್ಳುವವನು ಇಡೀ ಪಂಜರವನ್ನೋ ಅರ್ಧ ಪಂಜರವನ್ನೋ ಒಯ್ಯಬಹುದು, ಅಷ್ಟು ಬೇಡವಾದರೆ ಕೈಗೆ ಸಿಕ್ಕದ್ದನ್ನು ಒಯ್ಯಬೇಕು, ಆರಿಸುವಂತಿಲ್ಲ.

ಈ ಕೊನೆಯ ನಿಯಮ ಎಲ್ಲಿಂದ ಬಂತು? ಮೊದಲು ಬಂದವನು ಕೊಬ್ಬಿದ ಕೋಳಿ ಆರಿಸಿಕೊಂಡು ಹೋದರೆ ಉಳಿದ ಬಡಕಲು ಕೋಳಿಗಳನ್ನು ವ್ಯಾಪಾರಿ ಅಗ್ಗಕ್ಕೆ ತಳ್ಳಬೇಕಾಗುತ್ತದೆ, ಆ ಅಗ್ಗದ ಬೆಲೆ ಇಡೀ ಪೇಟೆಯನ್ನು ಕೆಳಗೆಳೆಯುತ್ತದೆ ಎಂಬುದು ತರ್ಕ. ಕಾಗದದ ಮೇಲೆ ತಪ್ಪಿಲ್ಲ. ಆದರೆ ಕೋಳಿ ಅಂಗಡಿಯ ಮುಂದೆ ಒಮ್ಮೆಯಾದರೂ ನಿಂತು ‘ಅದಲ್ಲ, ಅದರ ಹಿಂದಿರೋ ಕೆಂಪುದು ಕೊಡಿ’ ಎಂದವರಿಗೆ ಗೊತ್ತು, ಆರಿಸುವುದು ಎಂಥ ಮೂಲಭೂತ ಹಕ್ಕೆಂದು. ಬ್ರೂಕ್ಲಿನ್‌ನಲ್ಲಿ ಅದಕ್ಕೆ ಧರ್ಮದ ತೂಕವೂ ಇತ್ತು. ಊನವಿದೆಯೆಂದು ಕಂಡ ಹಕ್ಕಿಯನ್ನು ಬೇಡವೆನ್ನುವುದು ಕೋಷರ್ ಗಿರಾಕಿಗೆ ಬರೀ ರುಚಿಯ ಪ್ರಶ್ನೆಯಲ್ಲ. ಮಾರುವವನು ಅವನ ಮುಂದೆ ಸಂಹಿತೆಯನ್ನು ಹಿಡಿದು ನಿಂತರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಷ್ಟೆ.

ತನಿಖಾಧಿಕಾರಿಗಳು ಬಂದರು. 1934ರ ಜುಲೈನಲ್ಲಿ ಷೆಕ್ಟರ್‌ಗಳ ಮೇಲೆ 60 ಆರೋಪಗಳ ಪಟ್ಟಿ ಸಿದ್ಧವಾಯಿತು. ವಿಚಾರಣೆಯಲ್ಲಿ ಜೋಸೆಫ್ ಷೆಕ್ಟರ್ ಕಟಕಟೆಯಲ್ಲಿ ನಿಂತಾಗ ಅವರ ಒಡಕು ಇಂಗ್ಲಿಷನ್ನು, ಓದು ಕಡಿಮೆಯಿದ್ದುದನ್ನು ಸರ್ಕಾರಿ ವಕೀಲರು ಕೆಣಕಿದರು. ಕೊನೆಗೆ ಸಾಬೀತಾದದ್ದು 18 ಆರೋಪ, ಅವುಗಳ ಮೇಲೊಂದು ಒಳಸಂಚಿನ ಆರೋಪ. ಸಹೋದರರಿಗೆ ಒಂದರಿಂದ ಮೂರು ತಿಂಗಳವರೆಗೆ ಜೈಲು, ಒಟ್ಟು 7,000 ಡಾಲರಿಗೂ ಹೆಚ್ಚು ದಂಡ.

ಆ 18ರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಹತ್ತು ಆರೋಪಗಳು ಗಿರಾಕಿಗೆ ಕೋಳಿ ಆರಿಸಲು ಬಿಟ್ಟದ್ದಕ್ಕೆ. ಎರಡು, ನಗರಸಭೆಯ ನಿಯಮದಂತೆ ತಪಾಸಣೆ ಮಾಡಿಸದೆ ಮಾರಿದ್ದಕ್ಕೆ. ಎರಡು, ಸುಳ್ಳು ವರದಿ ಕೊಟ್ಟದ್ದಕ್ಕೆ ಅಥವಾ ಕೊಡದೆ ಇದ್ದದ್ದಕ್ಕೆ. ಒಂದು, ಪರವಾನಗಿಯಿಲ್ಲದವರಿಗೆ ಮಾರಿದ್ದಕ್ಕೆ. ಒಂದೇ ಒಂದು, ತಿನ್ನಲು ಯೋಗ್ಯವಲ್ಲದ ಕೋಳಿ ಮಾರಿದ್ದಕ್ಕೆ. ಇಡೀ ಮೊಕದ್ದಮೆಗೆ ಹೆಸರು ತಂದುಕೊಟ್ಟದ್ದು ಆ ಒಂದು ಕೋಳಿ. ಉಳಿದ ಎರಡು? ಕೆಲಸಗಾರರಿಗೆ ಕಡಿಮೆ ಕೂಲಿ ಕೊಟ್ಟದ್ದಕ್ಕೆ, ಹೆಚ್ಚು ಗಂಟೆ ದುಡಿಸಿಕೊಂಡದ್ದಕ್ಕೆ. ಕೋಳಿಯ ನಗೆಯಲ್ಲಿ ಈ ಎರಡು ಆರೋಪಗಳು ಮರೆಯಾಗಿಬಿಟ್ಟಿವೆ. ಷೆಕ್ಟರ್‌ಗಳ ಹೆಸರು, ಅವರ ವಕೀಲರ ಹೆಸರು, ನ್ಯಾಯಮೂರ್ತಿಗಳ ನಗೆಚಾಟಿಕೆ ಎಲ್ಲವೂ ಪುಸ್ತಕಗಳಲ್ಲಿವೆ. ಕತ್ತಿ ಹಿಡಿದು ನಿಂತಿದ್ದವರು, ಪಂಜರ ಹೊತ್ತವರು, ಲಾರಿ ಓಡಿಸಿದವರು ಈ ಕಥೆಯಲ್ಲಿ ಬರೀ ಒಂದು ಸಂಖ್ಯೆ.

ಮೇಲ್ಮನವಿ ನ್ಯಾಯಾಲಯ 1935ರ ಏಪ್ರಿಲ್ 1ರಂದು ಕುತೂಹಲಕರವಾದ ತೀರ್ಪು ಕೊಟ್ಟಿತು. ಒಳಸಂಚು ಮತ್ತು 16 ಆರೋಪಗಳಿಗೆ ಶಿಕ್ಷೆ ಸರಿ ಎಂದಿತು. ಆದರೆ ಬ್ರೂಕ್ಲಿನ್‌ನ ಅಂಗಡಿಯೊಳಗಿನ ಕೂಲಿ ಮತ್ತು ಗಂಟೆಗಳನ್ನು ಗೊತ್ತುಮಾಡುವ ಅಧಿಕಾರ ಒಕ್ಕೂಟ ಸರ್ಕಾರಕ್ಕಿಲ್ಲವೆಂದು ಆ ಎರಡು ಆರೋಪಗಳನ್ನು ಕೈಬಿಟ್ಟಿತು. ಅಂದರೆ ಕೋಳಿ ಆರಿಸುವುದನ್ನು ವಾಷಿಂಗ್ಟನ್ ನಿಯಂತ್ರಿಸಬಹುದು, ಕೋಳಿ ಕೊಯ್ಯುವವನ ಕೂಲಿಯನ್ನಲ್ಲ! ಎರಡೂ ಕಡೆಯವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು.

ಸರ್ಕಾರಕ್ಕೆ ತನ್ನ ಇಡೀ ಕಾರ್ಯಕ್ರಮದ ಅಳಿವು ಉಳಿವನ್ನು ಈ ಕೋಳಿ ಅಂಗಡಿಯ ಮೇಲೆ ಪಣ ಕಟ್ಟುವ ಆಸೆಯೇನೂ ಇರಲಿಲ್ಲ. ಅಲಬಾಮಾದ ಮರದ ಮಿಲ್ಲೊಂದರ ಮೊಕದ್ದಮೆಯನ್ನು ಪರೀಕ್ಷೆಗೆಂದು ಸುಪ್ರೀಂ ಕೋರ್ಟಿಗೆ ಒಯ್ದು, ಧೈರ್ಯ ಸಾಲದೆ ಅದೇ ವಸಂತದಲ್ಲಿ ವಾಪಸು ತೆಗೆದುಕೊಂಡಿತ್ತು. ಆ ಹಿಂಜರಿಕೆಗೆ ಟೀಕೆ ಬಂದ ಮೇಲೆ ಉಳಿದದ್ದು ಷೆಕ್ಟರ್. ಇತ್ತ ಹೆಲ್ಲರ್ ಜೊತೆ ವಾದಿಸಲು ಫ್ರೆಡರಿಕ್ ವುಡ್ ಬಂದು ನಿಂತರು. ಅವರು ವಾಲ್‌ಸ್ಟ್ರೀಟಿನ ಅತಿ ದೊಡ್ಡ ಕಾನೂನು ಸಂಸ್ಥೆಗಳಲ್ಲೊಂದಾದ ಕ್ರವಾತ್‌ನ ವಕೀಲರು. ಸಣ್ಣವನ ದೂರು ಚೆನ್ನಾಗಿ ಹೊಂದಿಕೊಂಡಾಗ ದೊಡ್ಡವನು ಅದರ ಹಿಂದೆ ಬಂದು ನಿಲ್ಲುವುದು ಇದೇ ಮೊದಲಲ್ಲ, ಕೊನೆಯೂ ಅಲ್ಲ.

ಮೇ 27, ಸೋಮವಾರ. ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಒಮ್ಮತದ ತೀರ್ಪು ಓದಿದರು. ಕಾಯ್ದೆ ಸಂವಿಧಾನಬಾಹಿರ. ಕಾರಣ ಎರಡು. ಕಾನೂನು ಮಾಡುವುದು ಕಾಂಗ್ರೆಸ್ಸಿನ ಕೆಲಸ. ಅದನ್ನು ಯಾವ ಮಾನದಂಡವನ್ನೂ ಹಾಕಿಕೊಡದೆ ಅಧ್ಯಕ್ಷರಿಗೂ ವರ್ತಕ ಸಂಘಗಳಿಗೂ ಒಪ್ಪಿಸಿಬಿಡುವಂತಿಲ್ಲ. ಉದಾರವಾದಿ ಎಂದೇ ಹೆಸರಾಗಿದ್ದ ಕಾರ್ಡೋಜೊ ಕೂಡ, ನ್ಯಾಯಮೂರ್ತಿ ಸ್ಟೋನ್ ಜೊತೆಗೂಡಿ ಬರೆದ ಪ್ರತ್ಯೇಕ ಅಭಿಪ್ರಾಯದಲ್ಲಿ, ಇದು ಲಂಗುಲಗಾಮಿಲ್ಲದೆ ಅಧಿಕಾರ ಬಿಟ್ಟುಕೊಟ್ಟಂತಾಯಿತು ಎಂಬರ್ಥದ ಮಾತು ಬರೆದರು. ಎರಡನೆಯ ಕಾರಣ, ಒಕ್ಕೂಟ ಸರ್ಕಾರ ನಿಯಂತ್ರಿಸಬಹುದಾದದ್ದು ರಾಜ್ಯರಾಜ್ಯಗಳ ನಡುವಿನ ವಾಣಿಜ್ಯವನ್ನು ಮಾತ್ರ. ಕೋಳಿ ಬೇರೆ ರಾಜ್ಯದಿಂದ ಬಂದಿರಬಹುದು, ಆದರೆ ಬ್ರೂಕ್ಲಿನ್‌ನ ಅಂಗಡಿಗೆ ಬಂದು ಇಳಿದ ಮೇಲೆ ಅದರ ಪ್ರಯಾಣ ಮುಗಿಯಿತು. ಅಲ್ಲಿ ಕೊಯ್ಯುವವನ ಕೂಲಿ ಅಂತರರಾಜ್ಯ ವಾಣಿಜ್ಯವನ್ನು ಮುಟ್ಟುವುದು ಪರೋಕ್ಷವಾಗಿ ಮಾತ್ರ. ಪರೋಕ್ಷ ಪರಿಣಾಮವನ್ನೂ ಲೆಕ್ಕಕ್ಕೆ ಹಿಡಿದರೆ ಜನರ ಯಾವ ಚಟುವಟಿಕೆ ತಾನೇ ಒಕ್ಕೂಟದ ಕೈಯಿಂದ ಹೊರಗುಳಿದೀತು ಎಂದು ನ್ಯಾಯಾಲಯ ಕೇಳಿತು. ನಾಲ್ಕು ದಿನ ಬಿಟ್ಟು ಪತ್ರಕರ್ತರೆದುರು ಕೂತ ರೂಸ್‌ವೆಲ್ಟ್, ನ್ಯಾಯಾಲಯ ದೇಶವನ್ನು ಜಟಕಾಗಾಡಿಯ ಕಾಲಕ್ಕೆ ಒಯ್ದಿದೆ ಎಂದು ಹಂಗಿಸಿದರು. ಕಾಯ್ದೆಯ ಸಹಜ ಆಯಸ್ಸು ಮುಗಿಯಲು ಉಳಿದಿದ್ದದ್ದು 20 ದಿನ.

ಮೊದಲ ಕಾರಣ ನಮ್ಮ ದೇಶದವರೆಗೂ ಬಂದಿದೆ. 1951ರಲ್ಲಿ ದಿಲ್ಲಿ ಕಾನೂನುಗಳ ಕುರಿತ ಪ್ರಖ್ಯಾತ ಪ್ರಕರಣದಲ್ಲಿ, ಶಾಸಕಾಂಗ ತನ್ನ ಅಧಿಕಾರವನ್ನು ಎಷ್ಟರಮಟ್ಟಿಗೆ ಕಾರ್ಯಾಂಗಕ್ಕೆ ಬಿಟ್ಟುಕೊಡಬಹುದು ಎಂದು ನಮ್ಮ ಸುಪ್ರೀಂ ಕೋರ್ಟ್ ಚರ್ಚಿಸಿದಾಗ ಷೆಕ್ಟರ್ ತೀರ್ಪೂ ಆ ಚರ್ಚೆಯೊಳಗೆ ಬಂತು. ಬ್ರೂಕ್ಲಿನ್‌ನ ಕೋಳಿಯ ನೆರಳು ಆಡಳಿತ ಕಾನೂನಿನ ಪಾಠವಾಗಿ ನಮ್ಮ ಕಾನೂನು ಕಾಲೇಜುಗಳ ತರಗತಿಯಲ್ಲೂ ಬೀಳುತ್ತದೆ. ಕೂಲಿಯ ವಿಷಯ ಹೀಗೆ ಬರಲಿಲ್ಲ.

ಕೂಲಿಯ ವಿಷಯಕ್ಕೆ ಅಮೆರಿಕದಲ್ಲೇ ಇನ್ನೂ ಕೆಲವು ವರ್ಷ ಬೇಕಾದವು. ತೀರ್ಪಿನ ಬೆನ್ನಿಗೇ ಹಲವು ಕಡೆ ಕೂಲಿ ಇಳಿಯಿತು, ಗಂಟೆಗಳು ಏರಿದವು. ಹದ್ದಿನ ಚಿತ್ರಗಳು ಕಿಟಕಿಗಳಿಂದ ಕಿತ್ತುಹೋದವು. ಕಾರ್ಮಿಕ ಕಾರ್ಯದರ್ಶಿ ಫ್ರಾನ್ಸಿಸ್ ಪರ್ಕಿನ್ಸ್ ದೂರದೃಷ್ಟಿಯ ಹೆಣ್ಣುಮಗಳು. ಈ ಕಾಯ್ದೆ ಬಿದ್ದುಹೋದರೆ ಇರಲಿ ಎಂದು ಬೇರೊಂದು ಮಸೂದೆಯ ಕರಡನ್ನು ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದರು. 7(ಎ) ಕಲಮಿನ ಹಕ್ಕು 1935ರ ಜುಲೈನಲ್ಲೇ ವ್ಯಾಗ್ನರ್ ಕಾಯ್ದೆಯಾಗಿ ಮರುಹುಟ್ಟು ಪಡೆಯಿತು. ರೂಸ್‌ವೆಲ್ಟ್ ನ್ಯಾಯಾಲಯಕ್ಕೆ ತಮ್ಮ ಕಡೆಯವರನ್ನು ತುಂಬಲು ಹೊರಟು ಸೋತದ್ದು, ಆದರೂ 1937ರಲ್ಲಿ ನ್ಯಾಯಾಲಯ ತಾನಾಗಿಯೇ ದಾರಿ ಬದಲಿಸಿದ್ದು ಎಲ್ಲ ಪಠ್ಯಗಳಲ್ಲೂ ಇರುವ ಸಂಗತಿ. 1938ರ ಜೂನ್ 25ರಂದು ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯ್ದೆಗೆ ಸಹಿ ಬಿತ್ತು. ಮೊದಲ ವರ್ಷ ಗಂಟೆಗೆ 25 ಸೆಂಟ್, ವಾರಕ್ಕೆ 44 ಗಂಟೆ. ಮೂರನೆಯ ವರ್ಷದಿಂದ 40 ಗಂಟೆ. ಬ್ರೂಕ್ಲಿನ್‌ನ ಸಂಹಿತೆ 1934ರಲ್ಲೇ 50 ಸೆಂಟ್ ಎಂದಿತ್ತಲ್ಲ! ನಾಲ್ಕು ವರ್ಷ ತಡವಾಗಿ, ಅರ್ಧ ಮೊತ್ತಕ್ಕೆ ಬಂದದ್ದು ಇದು. ಆದರೆ ಇದು ನಿಂತಿತು. 1941ರಲ್ಲಿ ಜಾರ್ಜಿಯಾದ ಮರದ ವ್ಯಾಪಾರಿ ಫ್ರೆಡ್ ಡಾರ್ಬಿ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ ಒಮ್ಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ಅದೇ ಸ್ಟೋನ್. ಪೀಠದ ನಡುವೆ ಕೂತಿದ್ದವರು ಅದೇ ಹ್ಯೂಸ್.

ನಿಂತದ್ದಕ್ಕೆ ಕಾರಣ ನ್ಯಾಯಾಲಯದ ಮನಸ್ಸು ಬದಲಾದದ್ದೊಂದೇ ಅಲ್ಲ. 1938ರ ಕಾಯ್ದೆ ಕೋಳಿ ಆರಿಸುವ ತಂಟೆಗೆ ಹೋಗಲಿಲ್ಲ. ಇಸ್ತ್ರಿಯ ದರವನ್ನೂ ಕೇಳಲಿಲ್ಲ. ವರ್ತಕ ಸಂಘಗಳ ಕೈಗೆ ಲೇಖನಿ ಕೊಡಲಿಲ್ಲ. ಕೂಲಿ, ಗಂಟೆ, ಮಕ್ಕಳ ವಯಸ್ಸು, ಇಷ್ಟೇ ಅದರ ವಿಷಯ. ಮೇಗಡ್ 35 ಸೆಂಟಿಗೆ ಇಸ್ತ್ರಿ ಮಾಡಿಕೊಳ್ಳಲಿ, ಅವನ ಅಂಗಡಿಯಲ್ಲಿ ಆಳಿದ್ದರೆ ಮಾತ್ರ ನೋಡೋಣ ಎಂಬ ಧಾಟಿ. ನನ್ನ ಮಟ್ಟಿಗೆ ಈ ವಿಂಗಡಣೆಯೇ ಆ ನಾಲ್ಕೈದು ವರ್ಷಗಳ ದೊಡ್ಡ ಕಲಿಕೆ. ಸಣ್ಣ ಮಾಲೀಕನ ಸ್ವಾತಂತ್ರ್ಯದಲ್ಲಿ ಎರಡು ತುಂಡುಗಳಿವೆ. ಗಿರಾಕಿಯ ಮುಂದೆ ಅವನಿಗಿರುವ ಸ್ವಾತಂತ್ರ್ಯ ಬೇರೆ, ಕೆಲಸಗಾರನ ಮೇಲೆ ಅವನಿಗಿರುವ ಸ್ವಾತಂತ್ರ್ಯ ಬೇರೆ.

ಇದಕ್ಕೊಂದು ಬೆಲೆಯೂ ತೆರಬೇಕಾಯಿತು. ಮಸೂದೆ ಪಾಸಾಗಲು ಬಹಳಷ್ಟು ಜನರನ್ನು ಹೊರಗಿಡಬೇಕಾಗಿ ಬಂತು. ಹೊಲದ ಕೂಲಿಗಳು ಹೊರಗೆ. ಹೆಚ್ಚಿನ ಮಾರಾಟವೆಲ್ಲ ತನ್ನದೇ ರಾಜ್ಯದೊಳಗೆ ಇರುವ ಚಿಲ್ಲರೆ ಮತ್ತು ಸೇವಾ ಅಂಗಡಿಗಳು ಹೊರಗೆ. ಅಂದರೆ ಬೀದಿ ಬದಿಯ ಕಟುಕನ ಅಂಗಡಿಯ ಹುಡುಗನಿಗೆ ಈ ಕಾಯ್ದೆ ಏನನ್ನೂ ಕೊಡಲಿಲ್ಲ. ಸಣ್ಣವನನ್ನು ಕಾನೂನಿನ ಭಾರದಿಂದ ಉಳಿಸುವ ಅತಿ ಸುಲಭದ ದಾರಿ ಅವನ ಕೆಲಸಗಾರನನ್ನು ಕಾನೂನಿನಿಂದ ಹೊರಗಿಡುವುದು. ಆಮೇಲಿನ ಅಮೆರಿಕದ ಕಾನೂನುಗಳೆಲ್ಲ ಹೊಸಿಲು ಹಾಕಿಯೇ ಬಂದವು. 1961ರ ತಿದ್ದುಪಡಿಯಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ವಹಿವಾಟಿನ ಅಂಗಡಿಗಳಿಂದ ಮೇಲಕ್ಕೆ. ಕೆಲಸದಲ್ಲಿ ತಾರತಮ್ಯ ತಡೆಯುವ 1964ರ ನಾಗರಿಕ ಹಕ್ಕುಗಳ ಕಾಯ್ದೆ ಕ್ರಮೇಣ 25 ಜನ ಕೆಲಸಗಾರರಿರುವಲ್ಲಿಗೆ ಇಳಿಯಿತು, 1972ರಲ್ಲಿ 15ಕ್ಕೆ. ಹೆರಿಗೆ, ಕಾಯಿಲೆಗಳಿಗೆ ರಜೆ ಕೊಡುವ 1993ರ ಕಾಯ್ದೆ 50 ಜನರಿರುವ ಕಡೆ ಮಾತ್ರ. ನಮ್ಮಲ್ಲೂ 1948ರ ಕಾರ್ಖಾನೆ ಕಾಯ್ದೆಯ ಕಣ್ಣಿಗೆ ಕಾರ್ಖಾನೆಯೆಂದು ಕಾಣಬೇಕಾದರೆ ವಿದ್ಯುತ್ ಬಳಸುವಲ್ಲಿ 10 ಜನ, ಬಳಸದಿರುವಲ್ಲಿ 20 ಜನ ಬೇಕಿತ್ತು. 1952ರ ಭವಿಷ್ಯ ನಿಧಿ ಕಾಯ್ದೆಗೆ 20 ಜನ. ಪೀಣ್ಯದಲ್ಲೋ ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ಒಂಬತ್ತು ಜನರ ನಡುವೆ ನಿಂತು ದುಡಿಯುವವನ ಬೆನ್ನುನೋವು ಹತ್ತನೆಯವನು ಬಂದ ಕೂಡಲೇ ಬೇರೆಯಾಗುವುದಿಲ್ಲ. ಆದರೂ ಎಲ್ಲಾದರೂ ಗೆರೆ ಎಳೆಯಲೇಬೇಕಲ್ಲ ಎನ್ನುವವರ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಗೆರೆಯಿಲ್ಲದ ಕಾನೂನು ಏನು ಮಾಡಿತೆಂಬುದನ್ನು ಮೇಗಡ್‌ನ ಕಥೆ ಹೇಳಿದೆ.

ಗೆದ್ದವರ ಗತಿ ಏನಾಯಿತು? ತೀರ್ಪು ಬಂದ ದಿನ ಷೆಕ್ಟರ್‌ಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು; ಹೆಲ್ಲರ್‌ರನ್ನು ಎತ್ತಿ ಹಿಡಿದು ಸಹೋದರರು ನಗುತ್ತಿರುವ ಚಿತ್ರ ಇಂದಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತದೆ. ಜೈಲು ತಪ್ಪಿತು, ದಂಡ ತಪ್ಪಿತು. ಆದರೆ ಮೊಕದ್ದಮೆ ಅವರನ್ನು ಸೋಸಿಹಾಕಿತ್ತು, ವ್ಯಾಪಾರ ಕೈಬಿಟ್ಟು ಹೋಯಿತು. 1936ರ ನವೆಂಬರಿನಲ್ಲಿ ಮತ್ತೆ ಅಧ್ಯಕ್ಷೀಯ ಚುನಾವಣೆ ಬಂತು. ರೂಸ್‌ವೆಲ್ಟ್‌ರ ಎದುರಾಳಿಗಳು ತಮ್ಮ ಪ್ರಚಾರದಲ್ಲಿ ಒಕ್ಕೂಟ ಸರ್ಕಾರದ ದಬ್ಬಾಳಿಕೆಯ ಬಗ್ಗೆ ಮಾತನಾಡಿದ್ದೇ ಮಾತನಾಡಿದ್ದು. ಷೆಕ್ಟರ್‌ಗಳು ಯಾರಿಗೆ ಮತ ಹಾಕಿದರು ಎಂದು ಪತ್ರಕರ್ತರು ಹೋಗಿ ಕೇಳಿದರು. ಕುಟುಂಬದ ಹದಿನಾರು ಮತಗಳೂ ರೂಸ್‌ವೆಲ್ಟ್‌ಗೇ ಬಿದ್ದಿದ್ದವು.